24ನೇ ವಾರಕ್ಕೆ ಇಂಗ್ಲೆಂಡಿಗೆ ಹೊರಟಿದೀನಿ, ಶಿರಸಿಯಿಂದ ಏನೇನು ಕಾಗದ ಒಯ್ಯಲಿ? ಅಲ್ಲಿ ಮೊದಲು ಯಾರ ಹತ್ರ ಹೋಗ್ಬೇಕು?

ಅಪ್ಪೆಮಿಡಿ (ಶಿರಸಿ):

ಎಲ್ರಿಗೂ ನಮಸ್ಕಾರ. ನಂಗೀಗ 21 ವಾರ, ಮೊದಲನೇ ಬಸುರಿ. ನಮ್ಮನೆಯವ್ರು ಕೆಲಸದ ವೀಸಾ ಮೇಲೆ ಲೀಡ್ಸಿಗೆ ಹೋಗಿ ನಾಲ್ಕು ತಿಂಗಳಾಯ್ತು, ನನ್ನ ಡಿಪೆಂಡೆಂಟ್ ವೀಸಾ ಮೊನ್ನೆ ಬಂತು. ತಡ ಆಗಿದ್ದು ಟಿಬಿ ಟೆಸ್ಟಿಂದ, ಬಸುರಿ ಅಂತ ಎಕ್ಸ್‌ರೇ ಬೇಡ ಅಂದು ಕಫ ಪರೀಕ್ಷೆಗೆ ಕೊಟ್ಟೆ, ಅದರ ರಿಪೋರ್ಟ್ ಬರೋಕೇ ಎರಡು ತಿಂಗಳು ಹಿಡೀತು. ಇನ್ನು ಮೂರು ವಾರಕ್ಕೆ ಫ್ಲೈಟು.

ಇಲ್ಲಿ ನಂಗೆ ಏನೂ ಕಷ್ಟ ಆಗಿಲ್ಲ. ಆಶಾ ಅಕ್ಕ ಮನೆಗೇ ಬಂದು ಹೆಸರು ಬರ್ಕೊಂಡು ತಾಯಿ ಕಾರ್ಡ್ ಮಾಡಿಸಿಕೊಟ್ರು, ಕಬ್ಬಿಣದ ಮಾತ್ರೆ ಮುಗೀತಾ ಅಂತ ಅವರೇ ಫೋನ್ ಮಾಡ್ತಾರೆ, ತಿಂಗಳಿಗೊಂದ್ಸಲ ಪೇಟೆಗೆ ಹೋಗಿ ಡಾಕ್ಟ್ರಮ್ಮನ ಹತ್ರ ತೋರಿಸ್ಕೊಂಡು ಬರ್ತೀನಿ. ಇಂಗ್ಲೆಂಡಲ್ಲಿ ಡಾಕ್ಟ್ರು ಸಿಗೋದೇ ಇಲ್ಲ, ಎಲ್ಲ ಮಿಡ್‌ವೈಫ್‌ಗಳೇ ನೋಡೋದು, ಸ್ಕ್ಯಾನೂ ಎರಡೇ ಅಂತ ಯಾರೋ ಹೇಳಿದ್ರು. ಅದನ್ನ ಕೇಳಿದಾಗಿಂದ ಆಯಿಗೆ ನಿದ್ದೆ ಇಲ್ಲ, ಸೂಲಗಿತ್ತಿ ಕೈಲಿ ಹೆರಿಗೆ ಮಾಡಿಸ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ ಅಂತ ದಿನಾ ಕೇಳ್ತಾಳೆ. ನಂಗೂ ಉತ್ತರ ಗೊತ್ತಿಲ್ಲ.

ಇಂಗ್ಲಿಷ್ ಓದೋಕೆ ಬರ್ತದೆ, ಆದ್ರೆ ಫೋನಲ್ಲಿ ಅವರು ಮಾತಾಡೋದು ಅರ್ಥ ಆಗೋದು ಕಷ್ಟ. ನನ್ನ ಬ್ಲಡ್ ಗ್ರೂಪ್ ಬಿ ನೆಗೆಟಿವ್, ಅವರದ್ದು ಪಾಸಿಟಿವ್. ಅಲ್ಲಿ ಹೆರಿಗೆ ಆದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಅಘನಾಶಿನಿ (ಕುಮಟಾ, ಈಗ ಬರ್ಮಿಂಗ್‌ಹ್ಯಾಮ್):

ತಂಗಿ, ಮೊದಲು ಆಯಿಗೆ ಹೇಳು, ಮಿಡ್‌ವೈಫ್ ಅಂದ್ರೆ ನಮ್ಮ ಅಜ್ಜಿ ಕಾಲದ ಸೂಲಗಿತ್ತಿ ಅಲ್ಲ. ಮೂರು ವರ್ಷ ಅದನ್ನೇ ಡಿಗ್ರಿ ಓದಿ ರಿಜಿಸ್ಟರ್ ಆಗಿರ್ತಾರೆ. ಬಸುರಿ, ಹೆರಿಗೆ ಎಲ್ಲ ಸರಿಯಾಗಿ ನಡೀತಿದ್ರೆ ಅವರೇ ನೋಡ್ತಾರೆ, ಬಿಪಿ ಶುಗರ್ ಏನಾದ್ರೂ ಏರುಪೇರು ಕಂಡ್ರೆ ಅವರೇ ಡಾಕ್ಟ್ರ ಹತ್ರ ಕಳಿಸ್ತಾರೆ. ಡಾಕ್ಟ್ರು ನೋಡ್ಲಿಲ್ಲ ಅಂದ್ರೆ ನಿನ್ನನ್ನ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಅಲ್ಲ. ಮೊದಲನೇ ಮಗು ಆದ್ರೆ ಹತ್ತು ಸಲದ ತನಕ ಅಪಾಯಿಂಟ್ಮೆಂಟ್ ಇರ್ತದೆ.

ನಾನು ಮಾಡಿದ ತಪ್ಪು ನೀನು ಮಾಡ್ಬೇಡ ಅಂತ ಇಷ್ಟು ಉದ್ದ ಬರೀತಾ ಇದೀನಿ. ನಾನು ಬಂದಾಗ ಎಂಟು ವಾರ. ವೀಸಾ ಅರ್ಜೀಲೇ ಎಲ್ಲ ಬರೆದಿದೀವಿ, ಸರ್ಕಾರದವ್ರೇ ಪತ್ರನೋ ಫೋನೋ ಮಾಡ್ತಾರೆ ಅಂದ್ಕೊಂಡು ಕೂತೆ, ನಮ್ಮ ಕಡೆ ಆಶಾನವ್ರು ಬರೋ ಹಾಗೆ. ಯಾರೂ ಬರ್ಲಿಲ್ಲ. ಆಮೇಲೆ ಒಂದು ಜಿಪಿ (ಫ್ಯಾಮಿಲಿ ಡಾಕ್ಟ್ರು) ಕ್ಲಿನಿಕ್ಕಿಗೆ ಹೋದ್ರೆ ರಿಸೆಪ್ಷನ್ನಲ್ಲಿ ಇದ್ದವಳು ವಿಳಾಸದ ಪುರಾವೆ ತಗೊಂಡು ಬಾ ಅಂದ್ಳು, ಮನೆ ಬಾಡಿಗೆ ಕರಾರು ಯಜಮಾನ್ರ ಹೆಸರಲ್ಲಿ, ನನ್ನ ಹೆಸರಲ್ಲಿ ಒಂದು ಕಾಗದ ಇಲ್ಲ. ಸುಮ್ಮನೆ ವಾಪಸ್ ಬಂದೆ. ಹಾಗೆ ಹೀಗೆ ಅಂತ ಬುಕಿಂಗ್, ಅಂದ್ರೆ ಮಿಡ್‌ವೈಫ್ ಹತ್ರ ಮೊದಲ ಅಪಾಯಿಂಟ್ಮೆಂಟ್, ಆಗೋ ಹೊತ್ತಿಗೆ 16 ವಾರ, 11ರಿಂದ 14 ವಾರದೊಳಗೆ ಆಗ್ಬೇಕಿದ್ದ ಸ್ಕ್ಯಾನ್ ತಪ್ಪೇ ಹೋಯ್ತು. ಜಿಪಿ ಸೇರೋಕೆ ವಿಳಾಸದ ಪುರಾವೆ, ಪಾಸ್‌ಪೋರ್ಟ್ ಕಡ್ಡಾಯ ಅಲ್ಲ ಅಂತ ಎನ್‌ಎಚ್‌ಎಸ್‌ನವ್ರದ್ದೇ, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವ್ರದ್ದೇ ನಿಯಮ ಇದೆ, ನಂಗೆ ಆಗ ಗೊತ್ತಿರ್ಲಿಲ್ಲ.

ಇನ್ನೊಂದು ವಿಷಯ ಅಂದ್ರೆ ಜಿಪಿಗೆ ಕಾಯ್ಲೇಬೇಕು ಅಂತಿಲ್ಲ. ಹತ್ತಿರದ ಆಸ್ಪತ್ರೆಯ ಮೆಟರ್ನಿಟಿ ಪುಟದಲ್ಲಿ ಸೆಲ್ಫ್ ರೆಫರಲ್ ಫಾರ್ಮ್ ಇರ್ತದೆ, ನೀನೇ ತುಂಬಬಹುದು. 24 ವಾರ, ಈಗಷ್ಟೇ ಇಂಡಿಯಾದಿಂದ ಬಂದಿದೀನಿ, ನೆಗೆಟಿವ್ ಗ್ರೂಪ್ ಅಂತ ಸ್ಪಷ್ಟವಾಗಿ ಬರಿ, ಬೇಗ ಕರೀತಾರೆ. ಕನ್ನಡ ದುಭಾಷಿ ಬೇಕು ಅಂತ ಅದರಲ್ಲೇ ಹೇಳು, ದುಡ್ಡು ಕೊಡ್ಬೇಕಾಗಿಲ್ಲ. ಸಾಮಾನ್ಯವಾಗಿ ಫೋನಲ್ಲಿ ಸಿಗ್ತಾರೆ. ನಂಗೆ ಇಂಗ್ಲಿಷ್ ಬರ್ತದೆ ಅಂದ್ಕೊಂಡಿದ್ದೆ, ಆದ್ರೆ ನೋವು ಶುರುವಾದಾಗ ಬಾಯಲ್ಲಿ ಬಂದಿದ್ದು ಬರೀ ಕನ್ನಡ.

ದುಡ್ಡಿನ ಚಿಂತೆ ಬೇಡ. ವೀಸಾ ಜೊತೆ ವರ್ಷಕ್ಕೆ 1035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರ್ತೀರಿ, ತಪಾಸಣೆ, ಸ್ಕ್ಯಾನ್, ಹೆರಿಗೆ ಎಲ್ಲ ಅದರಲ್ಲೇ ಬಂತು. ಮಿಡ್‌ವೈಫ್ ಹತ್ರ ಮೆಟರ್ನಿಟಿ ಎಕ್ಸೆಂಪ್ಷನ್ (ಬಸುರಿ ಬಾಣಂತಿಯರಿಗೆ ಶುಲ್ಕ ವಿನಾಯ್ತಿ) ಕೇಳು, ಅದಿದ್ರೆ ಮಗು ಹುಟ್ಟಿ ಒಂದು ವರ್ಷದ ತನಕ ಔಷಧಿ ಚೀಟಿಗೂ ಹಲ್ಲಿನ ಚಿಕಿತ್ಸೆಗೂ ದುಡ್ಡಿಲ್ಲ.

ಅಂಕೋಲೆ ಅಕ್ಕ:

ನಾನು 19 ವರ್ಷದಿಂದ ಸರ್ಕಾರಿ ಆಸ್ಪತ್ರೆಲಿ ನರ್ಸ್. ಅಲ್ಲಿನ ವ್ಯವಸ್ಥೆ ಅಘನಾಶಿನಿಯವ್ರು ಹೇಳಿದ್ರು, ನಾನು ಇಲ್ಲಿಂದ ಹೊರಡೋ ಮುಂಚೆ ಆಗ್ಬೇಕಾದ್ದು ಹೇಳ್ತೀನಿ.

ನೆಗೆಟಿವ್ ಗ್ರೂಪ್ ಅಂದ್ಯಲ್ಲ ತಂಗಿ, ಐಸಿಟಿ ಅಂತ ಒಂದು ರಕ್ತ ಪರೀಕ್ಷೆ ಇದೆ, ಮಾಡಿಸಿದಾರಾ ನೋಡ್ಕೋ. ಮಗು ಪಾಸಿಟಿವ್ ಆಗಿದ್ದು ಅದರ ರಕ್ತ ಸ್ವಲ್ಪ ನಿನ್ನ ರಕ್ತಕ್ಕೆ ಸೇರಿದ್ರೆ ನಿನ್ನ ದೇಹ ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಮಾಡ್ಕೊಳ್ತದೆ, ಐಸಿಟಿಲಿ ನೋಡೋದು ಅದನ್ನೇ. ಈ ಮಗುವಿಗೆ ಹೆಚ್ಚಾಗಿ ತೊಂದ್ರೆ ಇರಲ್ಲ, ಮುಂದಿನ ಮಗುವಿಗೆ ಕಷ್ಟ. ಅದಕ್ಕೇ 28 ವಾರದ ಹೊತ್ತಿಗೆ ಆಂಟಿ-ಡಿ ಇಂಜೆಕ್ಷನ್, ಮಗು ಪಾಸಿಟಿವ್ ಅಂತಾದ್ರೆ ಹೆರಿಗೆ ಆಗಿ 72 ಗಂಟೆ ಒಳಗೆ ಇನ್ನೊಂದು. ನೀನು ಹೋಗಿ ನಾಲ್ಕು ವಾರಕ್ಕೇ ಆ 28 ಬಂತು, ಅಲ್ಲಿನವ್ರು ನಿನ್ನ ರಕ್ತನ ಹೊಸದಾಗಿ ಪರೀಕ್ಷೆ ಮಾಡಿ ಕೊಡ್ತಾರೆ, ಆದ್ರೆ ನೀನು ತಡವಾಗಿ ಸೇರಿದ್ರೆ ಆ ದಿನ ತಪ್ಪಿ ಹೋಗ್ತದೆ. ಆಮೇಲೆ ಎಲ್ಲಾದ್ರೂ ಬಿದ್ರೆ, ಹೊಟ್ಟೆಗೆ ಏಟಾದ್ರೆ, ಸ್ವಲ್ಪ ರಕ್ತ ಕಂಡ್ರೂ 28 ವಾರದ ತನಕ ಕಾಯದೇ ಅದೇ ದಿನ ಆಸ್ಪತ್ರೆಗೆ ಹೇಳು.

ತಾಯಿ ಕಾರ್ಡ್ ಮೂಲ ಪ್ರತಿನೇ ಒಯ್ಯಿ, ಪ್ರತಿ ಪುಟದ ಫೋಟೋ ತೆಗೆದು ಮೊಬೈಲಲ್ಲೂ ಇಟ್ಕೋ. ನಮ್ಮಲ್ಲಿ ಬರೋ ಕಾರ್ಡುಗಳು ಹೇಗಿರ್ತಾವೆ ಅಂದ್ರೆ ಮಡಚಿ ಮಡಚಿ ನಡುಮಧ್ಯ ಹರಿದು, ಮಳೆಗೆ ಒದ್ದೆಯಾಗಿ, ಟಿಡಿ (ಧನುರ್ವಾಯು ಲಸಿಕೆ) ಚುಚ್ಚಿದ ತಾರೀಖೇ ಅಳಿಸಿ ಹೋಗಿರ್ತದೆ. ಅಲ್ಲಿನವ್ರಿಗೆ ಕನ್ನಡ ಓದೋಕೆ ಬರಲ್ಲ, ಅದಕ್ಕೆ ನಿಮ್ಮ ಡಾಕ್ಟ್ರಮ್ಮನ ಹತ್ರ ಒಂದು ಪುಟ ಇಂಗ್ಲಿಷಲ್ಲಿ ಬರೆಸ್ಕೋ: ಕೊನೇ ಮುಟ್ಟಿನ ತಾರೀಖು, ಹಿಮೋಗ್ಲೋಬಿನ್, ಬಿಪಿ, ಥೈರಾಯ್ಡ್, ಶುಗರ್, ಯಾವ ಮಾತ್ರೆ ಎಷ್ಟು. ಮಾತ್ರೆಗೆ ಕಂಪನಿ ಹೆಸರು ಬೇಡ, ಔಷಧಿ ಹೆಸರು ಬರೀಲಿ. ಸ್ಕ್ಯಾನ್ ರಿಪೋರ್ಟ್ ಬಿಟ್ಟು ಹೋಗ್ಬೇಡ, ಐದನೇ ತಿಂಗಳ ಸ್ಕ್ಯಾನಂತೂ ಮುಖ್ಯ, ಅಲ್ಲಿ ಅದನ್ನ ಮಾಡೋದು 18ರಿಂದ 21 ವಾರದೊಳಗೆ, ನೀನು ಹೋಗೋ ಹೊತ್ತಿಗೆ ಆ ಸಮಯ ದಾಟಿರ್ತದೆ.

ಇವೆಲ್ಲ ಕೈಚೀಲದಲ್ಲಿರ್ಲಿ, ದೊಡ್ಡ ಸೂಟ್‌ಕೇಸಲ್ಲಿ ಹಾಕ್ಬೇಡ.

ತೋಟದ ಮನೆ (ಸಿದ್ದಾಪುರ):

ನಂದು ಬೇರೆ ಅಭಿಪ್ರಾಯ, ಬೇಜಾರ್ ಮಾಡ್ಕೋಬೇಡಿ. ನನ್ನ ಮಗಳು ಹಾಗೆ ಹೋಗಿದ್ಲು, ಎಲ್ಲ ಸಲೀಸಾಗಿ ಆಯ್ತು, ಆದ್ರೆ ಮಗು ಹುಟ್ಟಿದ ಮಾರನೇ ದಿನವೇ ಮನೆಗೆ ಕಳಿಸಿದ್ರು. ಅಳಿಯ ಎರಡು ವಾರ ರಜೆ ಹಾಕಿದ್ರು, ಅದು ಮುಗಿದ ಮೇಲೆ ಬಾಣಂತಿ ಒಬ್ಳೇ, ಚಳಿಗಾಲ, ನಾಲ್ಕು ಗಂಟೆಗೇ ಕತ್ತಲೆ. ವಿಡಿಯೋ ಕಾಲಲ್ಲಿ ಅವಳ ಮುಖ ನೋಡಿ ನಾನು ಒಲೆ ಮುಂದೆ ಕೂತು ಅತ್ತಿದೀನಿ. ಇಲ್ಲಾದ್ರೆ ಎಣ್ಣೆ ನೀರು, ಕಷಾಯ, ಮಗು ಎತ್ಕೊಳ್ಳೋಕೆ ನಾಲ್ಕು ಕೈ. ಹೆರಿಗೆ ಮುಗಿಸಿ ಐದು ತಿಂಗಳಿಗೆ ಹೋಗ್ಲಿ ಅಂತ ನಾನು ಹೇಳ್ತೀನಿ.

ಕಾಳಿ ದಂಡೆ (ಕಾರವಾರ):

ಅಮ್ಮಾ, ನೀವು ಹೇಳಿದ್ದು ನಿಜ, ಆ ಒಂಟಿತನ ನಾನೂ ನೋಡಿದೀನಿ. ಆದ್ರೆ ಇದಕ್ಕೆ ಇನ್ನೊಂದು ಕಡೆನೂ ಇದೆ. ನಮ್ಮ ಜಿಲ್ಲೆಲಿ ಹೆರಿಗೆ ಹೊತ್ತಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಘಟ್ಟ ಇಳಿದು ಮಣಿಪಾಲಕ್ಕೋ, ಇಲ್ಲ ಹುಬ್ಬಳ್ಳಿಗೋ ಗೋವಾಕ್ಕೋ ಓಡ್ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗ್ತಾ ಇದಾರೆ ನಿಮಗೇ ಗೊತ್ತು. ನನ್ನ ಅಕ್ಕನನ್ನ ಆಂಬುಲೆನ್ಸಲ್ಲಿ ಕರ್ಕೊಂಡು ಹೋಗಿದ್ದು ನಾನೇ, ಆ ರಾತ್ರಿ ದಾರಿ ಮುಗೀಲೇ ಇಲ್ಲ ಅನ್ನಿಸಿತ್ತು.

ನಮ್ಮ ಮಗ ಹುಟ್ಟಿದ್ದು ಇಂಗ್ಲೆಂಡಲ್ಲಿ. 33 ವಾರದಲ್ಲಿ ಒಂದು ಸಂಜೆ ಮಗು ಎಂದಿನ ಹಾಗೆ ಒದೀತಾ ಇಲ್ಲ ಅಂದ್ಳು ಹೆಂಡ್ತಿ. ಬೆಳಿಗ್ಗೆ ನೋಡಾಣ ಅಂತ ನಾನಂದೆ, ಅವಳು ಕೇಳ್ಲಿಲ್ಲ, ಮೆಟರ್ನಿಟಿ ಟ್ರಯಾಜ್, ಅಂದ್ರೆ ಬಸುರಿಯರ ತುರ್ತು ವಿಭಾಗದ ನಂಬರಿಗೆ ಫೋನ್ ಮಾಡಿದ್ಳು. ಈಗ್ಲೇ ಬನ್ನಿ ಅಂದ್ರು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದ್ರು, ಸರಿ ಇತ್ತು, ಆದ್ರೂ ಯಾಕೆ ಬಂದ್ರಿ ಅಂತ ಒಬ್ರೂ ಕೇಳ್ಲಿಲ್ಲ, ಮತ್ತೆ ಹಾಗನ್ನಿಸಿದ್ರೆ ಮತ್ತೆ ಬನ್ನಿ ಅಂದ್ರು. ಆ ನಂಬರ್ 24 ಗಂಟೆನೂ ಇರ್ತದೆ, ಬುಕಿಂಗ್ ದಿನವೇ ಕೇಳಿ ಇಬ್ಬರ ಫೋನಲ್ಲೂ ಹಾಕ್ಕೊಳ್ಳಿ.

ಆಯಿಯನ್ನ ವಿಸಿಟರ್ ವೀಸಾದಲ್ಲಿ ಆರು ತಿಂಗಳ ತನಕ ಕರೆಸ್ಕೋಬಹುದು, ಹೆರಿಗೆ ತಾರೀಖಿಗೆ ಎರಡು ವಾರ ಮುಂಚೆ ಬರೋ ಹಾಗೆ, ಅವರು ಹೊರಡೋಕೆ ಮೂರು ತಿಂಗಳು ಇರೋವಾಗ ಅರ್ಜಿ ಹಾಕಿ, ಅದಕ್ಕಿಂತ ಮುಂಚೆ ಹಾಕೋಕೆ ಆಗಲ್ಲ. ಅವರಿಗೆ ಸರ್‌ಚಾರ್ಜ್ ಇರಲ್ಲ, ಆಸ್ಪತ್ರೆ ಸೇರೋ ಹಾಗಾದ್ರೆ ಬಿಲ್ ಭಾರಿ ಬರ್ತದೆ, ಅದಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಇಲ್ದೆ ಕಳಿಸ್ಬೇಡಿ. ಮಗು ಹುಟ್ಟಿ 42 ದಿನದೊಳಗೆ ಅಲ್ಲಿ ಜನನ ನೋಂದಣಿ ಆಗ್ಬೇಕು. ನೀವಿಬ್ರೂ ವೀಸಾ ಮೇಲೆ ಇರೋದ್ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಆಗಲ್ಲ, ಒಂದು ವರ್ಷದೊಳಗೆ ಭಾರತದ ಹೈಕಮಿಷನ್ನಲ್ಲೂ ಹೆಸರು ಹಾಕಿಸ್ಬೇಕು. ನಾವು ತಡ ಮಾಡಿ ಕೊನೇ ವಾರದಲ್ಲಿ ಓಡಾಡಿದ್ವಿ.

ಅಪ್ಪೆಮಿಡಿ (ಶಿರಸಿ):

ಎಲ್ರಿಗೂ ಕೈ ಮುಗೀತೀನಿ. ಇವತ್ತು ಐಸಿಟಿಗೆ ರಕ್ತ ಕೊಟ್ಟು ಬಂದೆ, ಡಾಕ್ಟ್ರಮ್ಮ ಒಂದು ಪುಟ ಬರೆದು ಸೀಲ್ ಹಾಕಿ ಕೊಟ್ರು. ನಮ್ಮನೆಯವ್ರು ಆಸ್ಪತ್ರೆ ಫಾರ್ಮ್ ಹುಡುಕಿ ಇಟ್ಟಿದಾರೆ, ನಾನು ಇಳಿದ ದಿನವೇ ತುಂಬ್ತೀವಿ. ತೋಟದ ಮನೆ ಅಮ್ಮಾ, ನಿಮ್ಮ ಮಾತು ಆಯಿಗೆ ಓದಿ ಹೇಳಿದೆ, ಸುಮಾರು ಹೊತ್ತು ಸುಮ್ಮನಿದ್ಲು, ಆಮೇಲೆ ಪಾಸ್‌ಪೋರ್ಟಿಗೆ ಫೋಟೋ ಎಲ್ಲಿ ತೆಗೀತಾರೆ ಅಂತ ಕೇಳಿದ್ಲು. ಇನ್ನೊಂದೇ ಕೇಳ್ತೀನಿ, ಆಯಿ ಮಿಡಿ ಉಪ್ಪಿನಕಾಯಿ ಮತ್ತೆ ಮನೆ ತುಪ್ಪ ಕಟ್ಟಿಟ್ಟಿದಾಳೆ, ತಗೊಂಡು ಹೋಗಬಹುದಾ?

ಅಘನಾಶಿನಿ (ಕುಮಟಾ, ಈಗ ಬರ್ಮಿಂಗ್‌ಹ್ಯಾಮ್):

ತುಪ್ಪ ಬೇಡ, ಭಾರತದಿಂದ ಹಾಲಿನ ಪದಾರ್ಥ ಯಾವುದೂ ತರೋ ಹಾಗಿಲ್ಲ, ಇಲ್ಲೇ ಅಂಗಡೀಲಿ ಸಿಗ್ತದೆ. ಉಪ್ಪಿನಕಾಯಿ ತಾ. ಗಾಜಿನ ಬಾಟ್ಲಿ ಬೇಡ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿ ದೊಡ್ಡ ಬ್ಯಾಗಲ್ಲಿಡು. ಇಳಿದ ಮೇಲೆ ಮೆಸೇಜ್ ಮಾಡು ತಂಗಿ, ಫಾರ್ಮ್ ತುಂಬೋವಾಗ ನಾನು ಫೋನಲ್ಲಿರ್ತೀನಿ.