ನನ್ನ ನಂಬರ್‌ನಲ್ಲಿ ಯಾರೋ ಆಗಲೇ ಟ್ಯಾಕ್ಸ್ ಫೈಲ್ ಮಾಡಿದ್ದಾರೆ, ಏನು ಮಾಡಲಿ?

ಪ್ರಶ್ನೆ

ಅಮೆರಿಕದಲ್ಲಿ ಇರುವವರು ದಯವಿಟ್ಟು ಹೇಳಿ. ನಿನ್ನೆ ರಾತ್ರಿ ಕೂತು ರಿಟರ್ನ್ ಇ-ಫೈಲ್ ಮಾಡಿದೆ. ಬೆಳಿಗ್ಗೆ ನೋಡಿದರೆ ರಿಜೆಕ್ಟ್ ಆಗಿದೆ. ಈ ಸೋಶಿಯಲ್ ಸೆಕ್ಯುರಿಟಿ ನಂಬರ್‌ನಲ್ಲಿ ಈ ವರ್ಷದ ರಿಟರ್ನ್ ಈಗಾಗಲೇ ಬಂದಿದೆ ಅಂತ. ನಂಬರ್ ಮೂರು ಸಲ ತಾಳೆ ನೋಡಿದೆ, ತಪ್ಪಿಲ್ಲ. ಕೈಕಾಲೇ ಆಡುತ್ತಿಲ್ಲ. ಹೆಂಡತಿಗೆ ಇರುವುದು ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಕೊಡುವ ಟ್ಯಾಕ್ಸ್ ನಂಬರ್), ಇಬ್ಬರು ಮಕ್ಕಳಿದ್ದಾರೆ. ಅವರ ನಂಬರ್‌ಗಳೂ ಹೋಗಿರಬಹುದಾ?

ಉತ್ತರ 1

ನನಗೂ ಇದೇ ಆಗಿತ್ತು, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಮತ್ತೆ ಮತ್ತೆ ಇ-ಫೈಲ್ ಮಾಡಲು ಹೋಗಬೇಡಿ, ಆಗುವುದಿಲ್ಲ. ಅದೇ ರಿಟರ್ನ್ ಪ್ರಿಂಟ್ ತೆಗೆದು ಇಬ್ಬರೂ ಸಹಿ ಹಾಕಿ. ಕಂಪನಿ ಕೊಡುವ ಸಂಬಳದ ವಿವರ ಡಬ್ಲ್ಯು-2 ಲಗತ್ತಿಸಿ, ಹಿಂದೆ ಗುರುತು ಕಳವಿನ ದೂರು ಕೊಡುವ ಫಾರ್ಮ್ 14039 ಸೇರಿಸಿ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ರಸೀದಿ ಜೋಪಾನ. ಕೊಡಬೇಕಾದ ಟ್ಯಾಕ್ಸ್ ಇದ್ದರೆ ಕೊನೆಯ ದಿನದ ಒಳಗೆ ಕಟ್ಟಿಬಿಡಿ. ಒಂದು ವೇಳೆ ಐಆರ್‌ಎಸ್‌ನಿಂದ, ಅಂದರೆ ಇಲ್ಲಿನ ಟ್ಯಾಕ್ಸ್ ಇಲಾಖೆಯಿಂದ, ಗುರುತು ಖಚಿತಪಡಿಸಿ ಅಂತ ಕೇಳುವ 5071ಸಿ ಅಥವಾ 4883ಸಿ ಅನ್ನುವ ಪತ್ರ ಬಂದಿದ್ದರೆ 14039 ಬೇಡ, ಆ ಪತ್ರದಲ್ಲಿ ಹೇಳಿದ ಹಾಗೆ ಮಾಡಿ. ಸರಿಯಾಗಿ ಬರಬೇಕಾದ ರಿಫಂಡ್ ಎಲ್ಲಿಗೂ ಹೋಗುವುದಿಲ್ಲ, ತಡವಾಗುತ್ತದೆ ಅಷ್ಟೇ.

ಆಮೇಲೆ ಫಾರ್ಮ್ 4506-ಎಫ್ ಹಾಕಿ. ಕಳ್ಳ ಸಲ್ಲಿಸಿದ ರಿಟರ್ನ್‌ನ ನಕಲು ಕೊಡುತ್ತಾರೆ, ಕೆಲವು ವಿವರ ಮುಚ್ಚಿ. ನನ್ನದು ಬಂದಾಗ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದೆ. ನನ್ನ ಹೆಸರು, ನಾನು ಎಂದೂ ಮಾಡದ ಕೆಲಸದ ಸಂಬಳ. ವಿಳಾಸ ಮಾತ್ರ ಒಂಬತ್ತು ವರ್ಷದ ಹಿಂದೆ ಬಿಟ್ಟ ಅಪಾರ್ಟ್‌ಮೆಂಟಿನದು. ಆ ವಿಳಾಸ ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಕೊಟ್ಟಿದ್ದು. ಮಾಹಿತಿ ಎಲ್ಲಿಂದ ಸೋರಿರಬಹುದು ಅನ್ನುವುದಕ್ಕೆ ಅದೊಂದೇ ಸುಳಿವು. ಕೆಲಸ ಬಿಟ್ಟರೂ ನಮ್ಮ ನಂಬರ್ ಅಲ್ಲೇ ಉಳಿದಿರುತ್ತದೆ ಅಂತ ನನಗೆ ಅವತ್ತಿನ ತನಕ ಹೊಳೆದೇ ಇರಲಿಲ್ಲ.

ತಡ ಯಾಕೆ ಅಂತ ಕೇಳುತ್ತೀರಿ. ನಾನು ಇಪ್ಪತ್ತು ವರ್ಷದಿಂದ ಇನ್ಶೂರೆನ್ಸ್ ಕಡೆ ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು, ಹಾಗಾಗಿ ಇದನ್ನು ಓದಿ ತಿಳಿದುಕೊಂಡೆ. ನಮ್ಮೆಲ್ಲರ ಟ್ಯಾಕ್ಸ್ ಖಾತೆ ಇರುವ ಐಆರ್‌ಎಸ್‌ನ ಕಂಪ್ಯೂಟರ್ ಸಿಸ್ಟಮ್, ಇಂಡಿವಿಜುವಲ್ ಮಾಸ್ಟರ್ ಫೈಲ್, 1960ರ ದಶಕದ್ದು. ಬರೆದಿರುವುದು ಅಸೆಂಬ್ಲಿ ಮತ್ತು ಕೋಬಾಲ್ ಭಾಷೆಗಳಲ್ಲಿ. 2012ರ ತನಕ ಅದರಲ್ಲಿ ಲೆಕ್ಕ ವಾರಕ್ಕೊಮ್ಮೆ ಏರುತ್ತಿತ್ತು. ಎಲ್ಲರೂ ಹಳೆಯ ಕೋಬಾಲನ್ನೇ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಅದು ಲೆಕ್ಕ ತಪ್ಪುವುದಿಲ್ಲ. ತೊಂದರೆ ಇರುವುದು ಸುತ್ತಮುತ್ತ. ಕೇಸುಗಳನ್ನು ನೋಡಿಕೊಳ್ಳಲು ಅಲ್ಲಿ ಸುಮಾರು 60 ಬೇರೆ ಬೇರೆ ಸಿಸ್ಟಮ್‌ಗಳಿದ್ದವು, ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಐಆರ್‌ಎಸ್ ಒಳಗೇ ತೆರಿಗೆದಾರರ ಪರ ಮಾತಾಡುವ ಹುದ್ದೆಯಲ್ಲಿದ್ದ ಟ್ಯಾಕ್ಸ್‌ಪೇಯರ್ ಅಡ್ವೊಕೇಟ್ ಎರಿನ್ ಕಾಲಿನ್ಸ್ ಇದನ್ನೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಬರೆದರು. 2024ರಲ್ಲಿ ಗುರುತು ಕಳವಿನ ಕೇಸುಗಳಿಗೆ ಸರಾಸರಿ 22 ತಿಂಗಳು ಹಿಡಿಯುತ್ತಿತ್ತು. 2022ರ ಕಾನೂನಿನಲ್ಲಿ ಐಆರ್‌ಎಸ್‌ಗೆ ಸುಮಾರು 80 ಬಿಲಿಯನ್ ಡಾಲರ್ ಇಟ್ಟರಲ್ಲ, ಯಂತ್ರಗಳನ್ನು ಹೊಸದು ಮಾಡಲು ಅಂತಲೇ ಬರೆದದ್ದು ಅದರಲ್ಲಿ 4.8 ಬಿಲಿಯನ್ ಮಾತ್ರ. ನನಗೆ ಇದು ನಿಜಕ್ಕೂ ಬೇಸರ ತರಿಸುತ್ತದೆ. ರಿಫಂಡ್ ನಂಬಿಕೊಂಡು ಬಾಡಿಗೆ ಕಟ್ಟುವವರು ಎಷ್ಟು ಜನ ಇದ್ದಾರೆ, ಅಲ್ವಾ?

ಈಗ ಮುಖ್ಯವಾದ ಮಾತು. ಐಪಿ ಪಿನ್ ತೆಗೆದುಕೊಳ್ಳಿ, ಅದು ಗುರುತು ಕಾಪಾಡಲು ಐಆರ್‌ಎಸ್ ಕೊಡುವ ಗುಟ್ಟಿನ ನಂಬರ್. ಆರು ಅಂಕಿ, ಪ್ರತಿ ವರ್ಷ ಬದಲಾಗುತ್ತದೆ. ಅದಿಲ್ಲದೆ ನಿಮ್ಮ ನಂಬರ್‌ನಲ್ಲಿ ಯಾರೂ ಇ-ಫೈಲ್ ಮಾಡಲು ಆಗದು. ಮೊದಲು ಮೋಸ ಹೋದವರಿಗೆ ಮತ್ತು ಕೆಲವು ರಾಜ್ಯದವರಿಗೆ ಮಾತ್ರ ಕೊಡುತ್ತಿದ್ದರು. 2021ರಿಂದ ಯಾರು ಬೇಕಾದರೂ ಕೇಳಬಹುದು. ಐಟಿಐಎನ್ ಇದ್ದವರಿಗೂ ಉಂಟು, ಮಕ್ಕಳಿಗೂ ಉಂಟು. ಕಳ್ಳನಿಗೆ ಬೇಕಾಗಿರುವುದು ನಮಗಿಂತ ಮುಂಚೆ ಫೈಲ್ ಮಾಡುವುದು ಅಷ್ಟೇ. ಈ ಪಿನ್ ಇದ್ದರೆ ಮುಂಚೆ ಬಂದರೂ ಬಾಗಿಲು ತೆರೆಯುವುದಿಲ್ಲ.

ಉತ್ತರ 2

ಪಿನ್ ಸರಿ. ಆದರೆ ಅದನ್ನು ಆನ್‌ಲೈನ್‌ನಲ್ಲಿ ಪಡೆಯಲು ಐಡಿ.ಮಿ ಅನ್ನುವ ಗುರುತು ಪರೀಕ್ಷಿಸುವ ಖಾಸಗಿ ಕಂಪನಿಯ ಅಕೌಂಟ್ ಬೇಕು, ಮುಖದ ಫೋಟೋ ಕೇಳುತ್ತದೆ. ಗುರುತು ಕಳವಾದವರು ಮುಖವನ್ನೂ ಕೊಡಬೇಕಾ?

ಉತ್ತರ 1

ನಿಮ್ಮ ಹೆದರಿಕೆ ನ್ಯಾಯವಾದದ್ದೇ. 2022ರಲ್ಲಿ ಇದಕ್ಕೆ ದೊಡ್ಡ ವಿರೋಧ ಬಂದ ಮೇಲೆ ಫೋಟೋ ಬೇಡ ಅನ್ನುವವರಿಗೆ ವಿಡಿಯೋ ಕಾಲ್‌ನಲ್ಲಿ ಒಬ್ಬ ವ್ಯಕ್ತಿಯ ಜೊತೆ ಮಾತಾಡುವ ದಾರಿ ಮಾಡಿದರು. ನಾನು ಅದನ್ನೇ ಆರಿಸಿಕೊಂಡೆ. ಆದರೆ ಮೊದಲಿದ್ದ ಸುಲಭದ ಪ್ರಶ್ನೆಗಳು ವಾಪಸ್ ಬರುವುದು ಬೇಡ. ಯಾವ ಬೀದಿಯಲ್ಲಿ ಇದ್ದಿರಿ, ಸಾಲ ಯಾವ ಬ್ಯಾಂಕಿನದು ಅಂತ ಕೇಳುತ್ತಿದ್ದರು. ಅದರ ಉತ್ತರ ಕಳ್ಳರ ಹತ್ತಿರ ಆಗಲೇ ಇತ್ತು. 2015ರಲ್ಲಿ ಐಆರ್‌ಎಸ್‌ನ ಗೆಟ್ ಟ್ರಾನ್ಸ್‌ಕ್ರಿಪ್ಟ್ ಅನ್ನುವ ಆನ್‌ಲೈನ್ ಸೇವೆಯ ಮೂಲಕ ಹಳೆಯ ರಿಟರ್ನ್‌ಗಳ ವಿವರ ಹೊರಟುಹೋಗಿದ್ದು ಹಾಗೇ. ಕೊನೆಗೆ ಎಣಿಸಿದಾಗ 7 ಲಕ್ಷಕ್ಕೂ ಜಾಸ್ತಿ ಖಾತೆಗಳು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಪೋಸ್ಟ್ ಆಫೀಸಿಗೆ ಹೋಗಿ ಕಳಿಸಿ ಬಂದೆ. ನನ್ನ ಪಿನ್ ಆನ್‌ಲೈನ್‌ನಲ್ಲೇ ಸಿಕ್ಕಿತು. ಮಕ್ಕಳದ್ದು ಅಲ್ಲಿ ಆಗಲಿಲ್ಲ.

ಉತ್ತರ 1

ಮಕ್ಕಳದ್ದಕ್ಕೆ ಐಆರ್‌ಎಸ್‌ನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್‌ನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ದಾಖಲೆಗಳ ಜೊತೆ ಹೋಗಿ. ಇನ್ನೊಂದು ವಿಷಯ: ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರು ಕಂಪನಿಗಳಲ್ಲೂ ಕ್ರೆಡಿಟ್ ಫ್ರೀಜ್ ಮಾಡಿಬಿಡಿ, ಆಗ ನಿಮ್ಮ ಹೆಸರಲ್ಲಿ ಬೇರೆಯವರು ಹೊಸ ಸಾಲ ಎತ್ತುವುದು ಕಷ್ಟ. 2018ರಿಂದ ಅದಕ್ಕೆ ದುಡ್ಡಿಲ್ಲ. ಐಆರ್‌ಎಸ್‌ನಿಂದ ಅಂತ ಇಮೇಲ್ ಅಥವಾ ಮೆಸೇಜ್ ಬಂದು ಪಿನ್ ಕೇಳಿದರೆ ಕೊಡಲೇಬೇಡಿ, ಅವರು ಎಂದೂ ಹಾಗೆ ಪಿನ್ ಕೇಳುವುದಿಲ್ಲ. ಕಾಗದಪತ್ರ ಏನಾದರೂ ಬಂದರೆ ಇಲ್ಲೇ ಬರೆಯಿರಿ, ಜೊತೆಗೆ ಕೂತು ಓದೋಣ.