ಫೆರಾಂಟೆಯ "ಸ್ಮಾರ್ಜಿನಾತೂರಾ": ಬಿಡುಗಡೆಯಾ, ಬರೀ ಹೆದರಿಕೆಯಾ?

ಕದ್ರಿ_ಓದುಗಿ:
ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲೇ ಇಂಗ್ಲಿಷ್ ಎಂಎ ಮಾಡ್ತಾ ಇದ್ದೇನೆ, ಮುಂದಿನ ತಿಂಗಳು ಸೆಮಿನಾರಲ್ಲಿ ಎಲೆನಾ ಫೆರಾಂಟೆ (ಇಟಲಿಯ ಲೇಖಕಿ, ಇದು ಕಾವ್ಯನಾಮ, ನಿಜವಾಗಿ ಯಾರು ಅಂತ ಹೇಳಿಕೊಂಡಿಲ್ಲ) ಬಗ್ಗೆ ಮಾತಾಡ್ಲಿಕ್ಕೆ ಉಂಟು, ನೇಪಲ್ಸಿನ ಆ ನಾಲ್ಕು ಕಾದಂಬರಿ, 2011ರಿಂದ 2014ರವರೆಗೆ ಬಂದದ್ದು, ಲೀಲಾ ಮತ್ತು ಲೆನೂ ಅಂತ ಇಬ್ಬರು ಗೆಳತಿಯರ ಕತೆ, ಹೇಳುವುದು ಲೆನೂ (ನಮ್ಮ ಅತ್ತೆ ಹೆಸರೂ ಲೀಲಾ, ಹಾಗಾಗಿ ಇಟಲಿ ಅಂತ ಅನಿಸ್ಲೇ ಇಲ್ಲ).

ನನ್ನ ಡೌಟ್ ಇದು. 1958 ಡಿಸೆಂಬರ್ 31ರ ರಾತ್ರಿ ತಾರಸಿಯಲ್ಲಿ ಪಟಾಕಿ ಹೊಡೀತಾ ಇರುವಾಗ ಲೀಲಾಗೆ ಮೊದಲ ಸಲ ಒಂದು ನಮೂನೆ ಆಗ್ತದಲ್ಲ, ಸುತ್ತ ಇದ್ದವರ ಆಕಾರ, ಸ್ವಂತ ಅಣ್ಣ ರೀನೋನದ್ದು ಕೂಡ, ಒಡೆದು ಹೊರಗೆ ಚೆಲ್ಲಿದ ಹಾಗೆ. ಅದಕ್ಕೆ ಅವಳು ಹೇಳುವ ಪದ ಸ್ಮಾರ್ಜಿನಾತೂರಾ. ಆನ್ ಗೋಲ್ಡ್‌ಸ್ಟೀನ್ ಇಂಗ್ಲಿಷಿಗೆ ತಂದದ್ದರಲ್ಲಿ ಅದು "ಅಂಚುಗಳು ಕರಗುವುದು" ಅಂತ ಆಗಿದೆ. ಆಮೇಲೆ 1980 ನವೆಂಬರ್ 23ರ ಭೂಕಂಪದ ದಿನ ಲೀಲಾ ಅದನ್ನು ಲೆನೂಗೆ ಬಿಡಿಸಿ ಹೇಳ್ತಾಳೆ. ತಿತ್ಸಿಯಾನಾ ದೆ ರೊಗಾತಿಸ್ 2018ರಲ್ಲಿ ಫೆರಾಂಟೆಯ ಕೀಲಿಪದಗಳ ಮೇಲೆ ಒಂದು ಇಡೀ ಪುಸ್ತಕವೇ ಬರ್ದಿದ್ದಾರೆ, ಅದರಲ್ಲಿ ಇದೂ ಒಂದು. ಉಳಿದ ಪೇಪರು ಹತ್ತು ತೆಗೆದ್ರೆ ಎಂಟರಲ್ಲಿ ಒಂದೇ ಮಾತು, ಗಂಡಸರು ಹಾಕಿದ ಗೆರೆಯನ್ನು ಹೆಣ್ಣು ಮೀರುವುದು ಅಂತ. ಆದ್ರೆ ನಾನು ಓದುವಾಗ ಮೀರುವುದು ಎಂತದ್ದೂ ಕಾಣ್ಲಿಲ್ಲ ಮಾರಾಯ್ರೆ, ಅವಳು ನಡುಗ್ತಾ ಇದ್ದಾಳೆ ಅಷ್ಟೆ. ಹೆದರಿಕೆಯನ್ನು ಎಳ್ಕೊಂಡು ಬಂದು ವಿಜಯ ಮಾಡಿಬಿಟ್ಟಿದ್ದಾರಾ ಇವರು?

ಸುರತ್ಕಲ್_ಟೀಚರ್:
ನೀವು ಹೇಳಿದ್ದು ಅರ್ಧ ಸರಿ. ಆ ರಾತ್ರಿ ಪಟಾಕಿ ಮುಗಿದ ಮೇಲೆ ಸೊಲಾರಾದವರು, ಅಂದ್ರೆ ಆ ಕೇರಿಯ ದುಡ್ಡಿನ ರೌಡಿ ಮನೆತನದವರು, ಪಿಸ್ತೂಲಿನಿಂದ ಗುಂಡು ಹಾರಿಸ್ಲಿಕ್ಕೆ ಶುರು ಮಾಡ್ತಾರೆ, ಅದನ್ನು ಬಿಟ್ಟು ಓದ್ಬೇಡಿ. ಗಂಡಸರ ಆಟ ಯಾವಾಗ ನಿಜವಾದ ಹಿಂಸೆ ಆಗ್ತದೆ ಅಂತ ಅವಳಿಗೆ ಮೊದಲೇ ಕಂಡುಬಿಡ್ತದೆ. ಹಾಗಾಗಿ ವಿಮರ್ಶಕರು ಗಂಡಸರ ವಿಷಯ ತಂದದ್ದು ತಪ್ಪಲ್ಲ, ಬಿಡುಗಡೆ ಅಂದದ್ದು ಮಾತ್ರ ಅವಸರ ಆಯ್ತು.

ನನಗೆ ಅದಕ್ಕಿಂತ ಹತ್ರ ಆದದ್ದು ಭಾಷೆ ವಿಷಯ. ಫೆರಾಂಟೆ ನೇಪಲ್ಸಿನ ಆಡುಮಾತನ್ನು ಬರೆಯುವುದು ಭಾರಿ ಕಮ್ಮಿ, ಗಮನಿಸಿದ್ದೀರಾ? "ಆಡುಮಾತಲ್ಲಿ ಬೈದ" ಅಂತ ಬರೀತಾಳೆ, ಬೈದದ್ದು ಎಂತ ಅಂತ ಇಟಾಲಿಯನ್ನಲ್ಲೇ ಕೊಡ್ತಾಳೆ. ಟೀವಿ ಸೀರೀಸ್ ಮಾಡುವಾಗ ಅದನ್ನೆಲ್ಲ ಆಡುಮಾತಲ್ಲೇ ಆಡಿಸಿದ್ದು, ಇಟಲಿಯವರಿಗೇ ಸಬ್‌ಟೈಟಲ್ ಹಾಕ್ಬೇಕಾಯ್ತು. ಇದನ್ನು ಥಿಯರಿ ಇಲ್ಲದೆ ಅರ್ಥ ಮಾಡ್ಕೊಳ್ಳುವವರು ಇದ್ರೆ ನಾವು ಇಲ್ಲಿಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಕ್ಲಾಸಲ್ಲಿ ತುಳು ಬಾಯಿಗೆ ಬಂದ್ರೆ ನಮಗೆ ಫೈನ್ ಇತ್ತು, ನಾಲ್ಕಾಣೆ. ಈಗಲೂ ಅಮ್ಮ ತುಳುವಲ್ಲಿ ಬೈದದ್ದನ್ನು ಗಂಡನಿಗೆ ಹೇಳುವಾಗ ನಾನು ಕನ್ನಡದಲ್ಲೇ ಹೇಳುವುದು (ಅವರು ಶಿವಮೊಗ್ಗದವರು), ಆಗ ಬೈಗುಳದ ಚೂಪೇ ಹೋಗಿರ್ತದೆ. ಲೆನೂ ಇಡೀ ಕತೆ ಹೇಳುವುದೇ ಹಾಗೆ. ಪಿಸಾಕ್ಕೆ ಹೋಗಿ ಓದಿ ತಿದ್ದಿಕೊಂಡ ಭಾಷೆಯಲ್ಲಿ ಲೀಲಾನನ್ನು ಬರೀತಾಳೆ. ಅಂಚು ಹಾಕುವುದು ಲೆನೂ, ಅದು ಒಡೆಯುವುದು ಲೀಲಾಗೆ. ಸೆಮಿನಾರಲ್ಲಿ ಇದನ್ನು ಹೇಳಿ, ಯಾರೂ ತೂಕಡಿಸುವುದಿಲ್ಲ.

ಮತ್ತೆ 2021ರಲ್ಲಿ ಬಂದ ಅವಳ ಉಪನ್ಯಾಸಗಳ ಪುಸ್ತಕ ಹುಡುಕಿ ಓದಿ. ಚಿಕ್ಕದಿರುವಾಗ ನೋಟ್‌ಬುಕ್ಕಿನ ಎಡಕ್ಕೊಂದು ಬಲಕ್ಕೊಂದು ಕೆಂಪು ಗೆರೆ ಇತ್ತು, ಅಕ್ಷರ ಅದನ್ನು ದಾಟಿದ್ರೆ ಶಿಕ್ಷೆ ಅಂತ ಶುರುವಿಗೇ ಬರ್ದಿದ್ದಾಳೆ.

ಬೀಚ್_ರೋಡ್_86:
ಇಷ್ಟೆಲ್ಲ ಯಾಕೆ, ಅದು ಬರೆದದ್ದು ಗಂಡಸು ಅಂತ ಕಂಪ್ಯೂಟರಲ್ಲಿ ಶೈಲಿ ಲೆಕ್ಕ ಹಾಕಿ ಹೇಳಿದ್ದಾರಲ್ವಾ, ದೊಮೆನಿಕೊ ಸ್ತರ್ನೋನೆ ಅಂತ ಇಟಲಿಯದ್ದೇ ಒಬ್ಬ ಕಾದಂಬರಿಕಾರ.

ಸುರತ್ಕಲ್_ಟೀಚರ್:
2016ರಲ್ಲಿ ಒಬ್ಬ ಪತ್ರಕರ್ತ ದುಡ್ಡಿನ ಲೆಕ್ಕ ಹುಡುಕಿ ಒಬ್ಬ ಹೆಂಗಸಿನ ಹೆಸರು ಹೇಳಿದ, ಶೈಲಿ ಲೆಕ್ಕ ಹಾಕಿದವರು ಗಂಡಸಿನ ಹೆಸರು ಹೇಳಿದ್ರು. ಅವರವರೊಳಗೆ ಮೊದಲು ಇತ್ಯರ್ಥ ಮಾಡ್ಕೊಳ್ಳಲಿ. ಇಲ್ಲಿ ಕೇಳಿದ್ದು ಪದದ ಅರ್ಥ.

ಕಟಿಂಗ್_ಮೆಷಿನ್:
ಸಾಹಿತ್ಯ ನನಗೆ ಗೊತ್ತಿಲ್ಲ, ಹೆಂಡತಿ ಓದ್ತಾಳೆ, ಅವಳೇ ಇದನ್ನು ತೋರಿಸಿದ್ದು. ಉಡುಪಿಯಲ್ಲಿ ನಮ್ಮದು ಸಣ್ಣ ಪ್ರೆಸ್. ಮಾರ್ಜಿನ್ ಅಂತ ಆ ಪದದೊಳಗೆ ಕಂಡು ಡಿಕ್ಷನರಿ ನೋಡಿದೆ, ಇಟಲಿಯಲ್ಲಿ ಅದು ಪ್ರಿಂಟಿಂಗಿನವರ ಪದ! ಪುಸ್ತಕದ ಅಂಚು ಕತ್ತರಿಸುವುದಕ್ಕೂ ಅದೇ ಹೇಳ್ತಾರೆ, ಚಿತ್ರ ಅಂಚು ದಾಟಿ ಹೋಗುವುದಕ್ಕೂ ಅದೇ. ನಾವು ದಾಟುವುದಕ್ಕೆ ಬ್ಲೀಡ್, ಕತ್ತರಿಸುವುದಕ್ಕೆ ಟ್ರಿಮ್ ಅಂತ ಬೇರೆ ಬೇರೆ ಹೇಳ್ತೇವೆ, ಆದ್ರೆ ಕೆಲಸ ಒಂದೇ. ಮುಖಪುಟದ ಬಣ್ಣ ಪುಟದ ತುದಿವರೆಗೆ ಬರ್ಬೇಕಾದ್ರೆ ತುದಿಗೇ ನಿಲ್ಲಿಸ್ಲಿಕ್ಕಾಗುವುದಿಲ್ಲ, 3 ಮಿಲಿಮೀಟರ್ ಆಚೆಗೆ ಬಿಡ್ಬೇಕು, ಯಾಕಂದ್ರೆ ಬ್ಲೇಡ್ ಕೂದಲೆಳೆಯಷ್ಟು ಜಾರಿದ್ರೂ ಬಿಳಿ ಗೆರೆ ಕಾಣ್ತದೆ. ಅಂದ್ರೆ ಆಚೆಗೆ ಚೆಲ್ಲಿಸುವುದೇ ಕತ್ತರಿಸ್ಲಿಕ್ಕೆ. ಆ ಮೂರು ಮಿಲಿಮೀಟರ್ ದಿನ ಸಂಜೆ ನಮ್ಮಲ್ಲಿ ಗೋಣಿಯಲ್ಲಿ ರದ್ದಿಗೆ ಹೋಗ್ತದೆ. ಇದಿಷ್ಟು ನನಗೆ ಗೊತ್ತಿರುವುದು.

ಕದ್ರಿ_ಓದುಗಿ:
ಅಣ್ಣಾ ನೀವು ಸಾಹಿತ್ಯ ಗೊತ್ತಿಲ್ಲ ಅಂತ ಹೇಳಿ ನನ್ನ ಪೇಪರನ್ನೇ ತಿರುಗಿಸಿಬಿಟ್ರಿ. ಮೊದಲ ಭಾಗದ ಶುರುವಲ್ಲೇ ವಯಸ್ಸಾದ ಲೀಲಾ ಕಾಣೆಯಾಗಿರ್ತಾಳೆ, ಹೋಗುವಾಗ ಮನೆಯ ಫೋಟೋಗಳಿಂದ ತನ್ನನ್ನು ಕತ್ತರಿಸಿ ತೆಗೆದಿರ್ತಾಳೆ. ಎರಡನೇ ಭಾಗದಲ್ಲಿ ಚಪ್ಪಲಿ ಅಂಗಡಿಯಲ್ಲಿ ಹಾಕ್ಲಿಕ್ಕೆ ಅವಳ ಮದುವೆ ಫೋಟೋ ದೊಡ್ಡದು ಮಾಡಿಸಿದ್ದು ಉಂಟಲ್ಲ, ಅದರ ಮೇಲೆ ಕಪ್ಪು ಕಾಗದ ಅಂಟಿಸಿ ತನ್ನ ಮೈಯನ್ನೇ ಮುಚ್ಚಿಬಿಡ್ತಾಳೆ. ಚೆಲ್ಲುವುದು ಒಂದು ಕಡೆ, ಕತ್ತರಿಸುವುದು ಇನ್ನೊಂದು ಕಡೆ ಅಂತ ನಾನು ಎರಡು ಚಾಪ್ಟರಾಗಿ ನೋಟ್ಸ್ ಮಾಡಿದ್ದೆ, ಎರಡೂ ಆ ಒಂದೇ ಪದದಲ್ಲಿ ಇತ್ತು! "ಕರಗುವುದು" ಅಂದ ಕೂಡ್ಲೆ ಕತ್ತಿ ಮಾಯ ಆಗ್ತದೆ, ಇಂಗ್ಲಿಷಲ್ಲಿ ಓದಿದ ನನಗೆ ಕಾಣದೇ ಹೋದದ್ದು ಅದಕ್ಕೇ.

ಟೀಚರ್, ಕನ್ನಡಕ್ಕೆ ಇದನ್ನು ಎಂತ ಮಾಡ್ಬಹುದು? "ಅಂಚುಗೇಡು" ಅಂದ್ರೆ ಹೇಗೆ?

ಸುರತ್ಕಲ್_ಟೀಚರ್:
ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಗೇಡು ಅಂದ್ರೆ ಬರೀ ಹಾಳಾದದ್ದು. ಪ್ರೆಸ್ಸಿನವರನ್ನೇ ಕೇಳಿ, ಆ ಕತ್ತರಿಸಿ ಬಿದ್ದ ಪಟ್ಟಿಗೆ ನಿಮ್ಮ ಕೆಲಸದವರು ಎಂತ ಹೇಳ್ತಾರೆ?

ಕಟಿಂಗ್_ಮೆಷಿನ್:
ಕಟಿಂಗ್ ಅಂತಲೇ ಹೇಳುವುದು, ಬೇರೆ ಹೆಸರಿಲ್ಲ. ಗುರುವಾರ ಒಂದು ಸ್ಮರಣ ಸಂಚಿಕೆ ಕಟಿಂಗಿಗೆ ಬರ್ತದೆ, ಹತ್ತು ಗಂಟೆಗೆ ಬಂದ್ರೆ ನೋಡ್ಬಹುದು. ದುಪಟ್ಟಾ ಮಾತ್ರ ಮೆಷಿನಿಂದ ದೂರ ಇಟ್ಕೊಳ್ಳಿ.