ಹಗಲಲ್ಲೇ ಕಣ್ಣು ಮುಚ್ಚುವ ಗೋಸುಂಬೆ: ಕಾಯಿಲೆಯಾ?

ಪ್ರಶ್ನೆ: ನಾವಿರೋದು ಟೆಕ್ಸಾಸ್‌ನಲ್ಲಿ. ಒಂದು ವರ್ಷದ ಹೆಣ್ಣು ವೇಲ್ಡ್ (veiled) ಜಾತಿಯ ಸಾಕು ಗೋಸುಂಬೆ ಹಗಲಲ್ಲೂ ಕಣ್ಣು ಮುಚ್ಚಿ ಕೂರುತ್ತೆ. ಹುಳ ಎದುರಿಗಿಟ್ಟರೂ ನಾಲಿಗೆ ಚಾಚಲ್ಲ. ಏನೇನು ನೋಡಬೇಕು?

ಉತ್ತರ 1: ಹಗಲಲ್ಲಿ ಕಣ್ಣು ಮುಚ್ಚೋದು ಕಾಯಿಲೆಯ ಗುರುತೇ. ಮೊದಲು ಹಿಕ್ಕೆ ನೋಡಿ. ಜೊತೆಗೆ ಬರುವ ಯೂರೇಟ್, ಅಂದರೆ ಮೂತ್ರದ ಗಟ್ಟಿ ಭಾಗ, ಬಿಳಿ ಇರಬೇಕು. ಪೂರ್ತಿ ಕಿತ್ತಳೆ ಬಣ್ಣವಾಗಿ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಈ ಗೋಸುಂಬೆಗಳು ಬಟ್ಟಲಿನ ನೀರು ಮುಟ್ಟೋದು ಅಪರೂಪ, ಎಲೆ ಮೇಲಿನ ಹನಿ ನೆಕ್ಕುತ್ತವೆ. ಬೆಳಗ್ಗೆ, ಸಂಜೆ ಎಲೆಗಳಿಗೆ ಸಿಂಪಡಿಸಿ. ಬಾಯಿ ಬಿಡಿಸಿ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.

ಉತ್ತರ 2: ಹೆಣ್ಣು ಅಂದಿರಲ್ಲ, ನನ್ನ ಅನುಮಾನ ಮೊಟ್ಟೆಯ ಮೇಲೆ. ಗಂಡಿನ ಜೊತೆ ಸೇರದಿದ್ದರೂ ವೇಲ್ಡ್ ಹೆಣ್ಣು ಮೊಟ್ಟೆ ಇಡುತ್ತೆ. ಅಗೆಯಲು ಜಾಗವಿಲ್ಲದಿದ್ದರೆ ಒಳಗೇ ಉಳಿದುಬಿಡಬಹುದು. 30 ಸೆಂ.ಮೀ. ಆಳಕ್ಕೆ ಮರಳು ತುಂಬಿದ ಡಬ್ಬ ಇರಲಿ, ತೋಡಿದ ಸುರಂಗ ಕುಸಿಯದಷ್ಟು ತೇವವಿರಲಿ. ಆದರೆ ಈಗಾಗಲೇ ನಿತ್ರಾಣವಾಗಿದ್ದರೆ ಡಬ್ಬ ನಂಬಿ ಕಾಯಬೇಡಿ. ಸರೀಸೃಪ ನೋಡುವ ವೆಟ್ (ಪಶುವೈದ್ಯರು) ಹತ್ತಿರ ಇವತ್ತೇ ಎಕ್ಸ್‌ರೇ ತೆಗೆಸಿ.

ಉತ್ತರ 3: ಗೂಡಿನ ಯುವಿಬಿ (ಅತಿನೇರಳೆ ಕಿರಣ) ಟ್ಯೂಬ್ ಎಷ್ಟು ಹಳೆಯದು? ಕ್ಯಾಲ್ಸಿಯಂ ಮೈಗೆ ಹತ್ತಲು ಆ ಕಿರಣ ಬೇಕು. ಬೆಳಕು ಚೆನ್ನಾಗಿದ್ದರೂ ಯುವಿಬಿ ಕುಂದುತ್ತಾ ಹೋಗುತ್ತೆ. ನಡುವೆ ಗಾಜಿದ್ದರೆ ತಲುಪೋದೇ ಇಲ್ಲ. ಮುಂಗಾಲು ಬಾಗಿ, ಕೊಂಬೆಯ ಹಿಡಿತ ಸಡಿಲವಾಗಿದ್ದರೆ ಕ್ಯಾಲ್ಸಿಯಂ ಕೊರತೆ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತಾ, ಬಾಯಂಚಲ್ಲಿ ನೊರೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಇದನ್ನೂ ವೆಟ್‌ಗೆ ಹೇಳಿ.